‘ಸಾಕು’ ಎಂದವರು ಯಾರು?

ಬಂಗಾರಪೇಟೆ, ಕೆ.ಜಿ.ಎಫ್. ಸೀಮೆಯ ಹಳೆಯ ಪ್ರಾಥಮಿಕ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ತಿರುವಿ ಹಾಕಿದವರಿಗೆ ಎರಡು ಸಂಗತಿಗಳು ಥಟ್ಟನೆ ಕಣ್ಣಿಗೆ ಬೀಳುತ್ತವೆ. ಒಂದು, ಮಕ್ಕಳಲ್ಲಿ ಬಹಳಷ್ಟು ಮಂದಿ ಜೂನ್ ಒಂದನೇ ತಾರೀಖು ಹುಟ್ಟಿದವರು! ಸೀಮೆಯ ತಾಯಂದಿರೆಲ್ಲ ಒಂದೇ ದಿನ ಹೆತ್ತರೆಂದಲ್ಲ. ಮಗು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ತಾಯಿ "ಕೆರೆ ಕೋಡಿ ಬಿದ್ದ ವರ್ಷ, ರಾಗಿ ಕೊಯ್ಲಿನ ಕಾಲ" ಎನ್ನುತ್ತಿದ್ದಳು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟುತ್ತದೆಯೇ ಎಂದು ನೋಡಿ, ಮುಟ್ಟಿದರೆ ವಯಸ್ಸು ತುಂಬಿತೆಂದು ತೀರ್ಮಾನಿಸಿ, ಶಾಲೆ ತೆರೆಯುವ ತಿಂಗಳಿಗೇ ಹುಟ್ಟಿದ ದಿನವನ್ನು ಗೊತ್ತು ಮಾಡಿಬಿಡುತ್ತಿದ್ದರು.

ಇನ್ನೊಂದು, ಹೆಸರುಗಳು. ಸಾಲು ಸಾಲು ಮುನಿಯಮ್ಮ, ವೆಂಕಟಮ್ಮ, ನಾರಾಯಣಸ್ವಾಮಿಗಳ ನಡುವೆ ಆಗಾಗ ಒಬ್ಬ ಸಾಕಮ್ಮ ಸಿಗುತ್ತಾಳೆ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿ, ಮನೆಯವರಿಗೆ ಸಾಕಪ್ಪಾ ಸಾಕು ಎನ್ನಿಸಿದಾಗ ಕೂಸಿಗೆ ಇಡುತ್ತಿದ್ದ ಹೆಸರದು. (ಎಲ್ಲ ಸಾಕಮ್ಮಂದಿರೂ ಹೀಗೇ ಬಂದವರಲ್ಲ. ಸಾಕಿ ಸಲಹುವವಳು ಎಂಬ ಅರ್ಥವೂ ಆ ಹೆಸರಿಗೆ ಹೊಂದುತ್ತದೆ.) ತಮಿಳು ಮನೆಮಾತಿನವರಿಗೆ ‘ಪೋದುಂಪೊಣ್ಣು’, ‘ವೇಂಡಾಂ’ ಎಂಬ ಹೆಸರುಗಳು ಗೊತ್ತು. ಮೊದಲನೆಯದಕ್ಕೆ ಹುಡುಗಿ ಸಾಕು ಎಂದರ್ಥ, ಎರಡನೆಯದಕ್ಕೆ ಬೇಡ ಎಂದೇ ಅರ್ಥ. ಇದಕ್ಕೆ ತದ್ವಿರುದ್ಧವಾಗಿ ತಿಪ್ಪಯ್ಯ, ತಿಪ್ಪಮ್ಮ, ತೆಲುಗಿನ ಪೆಂಟಯ್ಯ ಇದ್ದಾರೆ. ಹುಟ್ಟಿದ ಮಕ್ಕಳೆಲ್ಲ ತೀರಿಕೊಳ್ಳುತ್ತಿದ್ದ ಮನೆಯಲ್ಲಿ ಹೊಸ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಇದು ಯಾರಿಗೂ ಬೇಡದ ವಸ್ತು ಎಂದು ಸಾವಿನ ಕಣ್ಣಿಗೆ ಮಣ್ಣೆರಚಲು ಇಟ್ಟ ಹೆಸರುಗಳಿವು.

ಹೀಗೆ ‘ಇನ್ನು ಸಾಕು’ ಎಂಬ ಮೊರೆ, ‘ಇದಾದರೂ ಉಳಿಯಲಿ’ ಎಂಬ ಮೊರೆ ಎರಡೂ ಅಕ್ಕಪಕ್ಕದ ಸಾಲುಗಳಲ್ಲಿ ಕೂತಿವೆ. ಎರಡೂ ದೇವರಿಗೆ ಹಾಕಿಕೊಂಡ ಅರ್ಜಿಗಳೇ. ಆದರೆ ಸಾಕು ಎಂಬ ಅರ್ಜಿ ಹಾಕಿದವರು ಯಾರು, ಹೆತ್ತವಳೋ ಮನೆಯವರೋ ಎಂಬುದು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಬೂದಿಕೋಟೆ ಎಂದರೆ ಚರಿತ್ರೆಯ ಪುಸ್ತಕ ಓದಿದವರಿಗೆ ಹೈದರಾಲಿ ಹುಟ್ಟಿದ ಊರು. ಬೆಟ್ಟ, ಕೋಟೆ, ಹತ್ತಿರದಲ್ಲೇ ಮಾರ್ಕಂಡೇಯ ಜಲಾಶಯ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕಿವಿಗೆ ಬೀಳುವ ಗಡಿ ಸೀಮೆ. ಇಲ್ಲಿನ ಒಂದು ಮನೆಯಲ್ಲಿ ಎಂಬತ್ತೇಳರ ಅಂಚಿನಲ್ಲಿರುವ ಅಜ್ಜಿಯೊಬ್ಬರಿದ್ದಾರೆ. ಹದಿನಾಲ್ಕಕ್ಕೆ ಮದುವೆ. ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಅವರ ಮಗಳು ಹೆತ್ತದ್ದು ಮೂರು, ಮೂರೂ ಇವೆ. ಆ ಮಗಳ ಎರಡನೆಯ ಮಗಳು ಬಂಗಾರಪೇಟೆಯಲ್ಲಿದ್ದಾಳೆ. ಅವಳಿಗೊಂದೇ ಮಗು, ಐದನೇ ತರಗತಿಯ ಹುಡುಗಿ. ಒಂಬತ್ತು, ಮೂರು, ಒಂದು. ಈ ಇಳಿಜಾರು ಒಂದು ಮನೆಯದಲ್ಲ, ಸೀಮೆಯ ಯಾವ ಬೀದಿಯಲ್ಲಾದರೂ ಹತ್ತು ಮನೆ ತಟ್ಟಿ ಕೇಳಿದರೆ ಹೆಚ್ಚುಕಡಿಮೆ ಇದೇ ಲೆಕ್ಕ ಸಿಗುತ್ತದೆ.

ಅಜ್ಜಿಯ ಒಂಬತ್ತು ಆಗಿನ ಕಾಲಕ್ಕೆ ಅತಿಯೇನೂ ಅಲ್ಲ. ಹದಿನೈದರಿಂದ ನಲವತ್ತೈದರವರೆಗೆ ಹೆಣ್ಣು ಹೆರಬಲ್ಲ ಅವಧಿ ಮೂವತ್ತು ವರ್ಷ. ಎದೆಹಾಲು ಕುಡಿಸುತ್ತಿರುವಷ್ಟು ಕಾಲ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ರಸವನ್ನು ಹೆಚ್ಚು ಸುರಿಸುತ್ತದೆ, ಅದು ಅಂಡಾಣು ಬಿಡುಗಡೆಯಾಗುವುದನ್ನು ತಡೆಯುತ್ತದೆ. ಹಳೆಯ ಕಾಲದಲ್ಲಿ ಎರಡು ಹೆರಿಗೆಗಳ ನಡುವೆ ಎರಡೂವರೆ ಮೂರು ವರ್ಷದ ಅಂತರ ಸಿಗುತ್ತಿದ್ದುದು ಬಹುಪಾಲು ಇದರಿಂದಲೇ. ಮೂವತ್ತನ್ನು ಮೂರರಿಂದ ಭಾಗಿಸಿದರೆ ಹತ್ತು. ಕಾಯಿಲೆ, ವೈಧವ್ಯ, ನಿಲ್ಲದ ಬಸಿರುಗಳನ್ನೆಲ್ಲ ಕಳೆದು 1950ರ ದಶಕದಲ್ಲಿ ಭಾರತದ ಸರಾಸರಿ ಒಬ್ಬ ಹೆಂಗಸಿಗೆ ಸುಮಾರು ಆರು ಮಕ್ಕಳು. ಆದರೆ ಮಗು ಮೊದಲೇ ತೀರಿಹೋದರೆ ಹಾಲು ನಿಲ್ಲುತ್ತದೆ, ತಡೆಯೂ ಹೋಗುತ್ತದೆ, ಮುಂದಿನ ಬಸಿರು ಬೇಗ ನಿಲ್ಲುತ್ತದೆ. ಸತ್ತ ಮಗುವಿನ ಜಾಗಕ್ಕೆ ಮತ್ತೊಂದನ್ನು ತರಲು ದೇಹವೇ ಅವಸರ ಮಾಡುತ್ತಿತ್ತೆಂದು ಬೇಕಾದರೆ ಹೇಳಬಹುದು.

ಅಜ್ಜಿ ಕಳೆದುಕೊಂಡ ನಾಲ್ಕರಲ್ಲಿ ಎರಡಕ್ಕೆ ಹೆಸರಿಡುವಷ್ಟು ಹೊತ್ತೂ ಸಿಗಲಿಲ್ಲ. ಚೆನ್ನಾಗಿ ಹುಟ್ಟಿ, ಚೆನ್ನಾಗಿ ಹಾಲು ಕುಡಿದ ಕೂಸು ಐದಾರನೇ ದಿನ ಬಾಯಿ ಬಿಗಿದುಕೊಂಡು ಮೊಲೆ ಹಿಡಿಯದಾಯಿತು, ಮೈ ಬಿಲ್ಲಿನಂತೆ ಸೆಟೆಯಿತು, ಎಂಟನೇ ದಿನಕ್ಕೆ ಹೋಯಿತು. ಎರಡೂ ಸಲ ಹೀಗೇ. ಯಾವುದೋ ಗಾಳಿ ಸೋಕಿತು ಎಂದರು. ಅದು ಗಾಳಿಯಲ್ಲ, ಧನುರ್ವಾಯು. ಸೂಲಗಿತ್ತಿ ಹೊಕ್ಕುಳಬಳ್ಳಿ ಕೊಯ್ದ ಕುಡುಗೋಲಿನಲ್ಲಿ, ಗಾಯಕ್ಕೆ ಹಚ್ಚಿದ ಬೂದಿಯಲ್ಲಿ ಅಥವಾ ಸಗಣಿಯಲ್ಲಿ ಕೂತಿದ್ದ ಕಣ್ಣಿಗೆ ಕಾಣದ ಜೀವಿಯ ಕೆಲಸ. ಬಸಿರಿಗೆ ಟಿ.ಟಿ. ಚುಚ್ಚುಮದ್ದು, ಕುದಿಸಿದ ಬ್ಲೇಡು, ಶುದ್ಧವಾದ ದಾರ — ಇಷ್ಟಿದ್ದರೆ ತಪ್ಪಿಸಬಹುದಾಗಿದ್ದ ಸಾವು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತ ತೊಡೆದುಹಾಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಅಜ್ಜಿಯ ಇನ್ನೊಂದು ಮಗು ದಡಾರಕ್ಕೆ ಹೋಯಿತು, ಮತ್ತೊಂದು ವಾಂತಿಭೇದಿಗೆ. ಒಂದು ಚಿಟಿಕೆ ಉಪ್ಪು, ಸಕ್ಕರೆ ಬೆರೆಸಿದ ನೀರಿನಿಂದ ಉಳಿಸಬಹುದಾದ ಜೀವವನ್ನು ‘ಭೇದಿಗೆ ನೀರು ಕೊಡಬಾರದು’ ಎಂದು ಒಣಗಿಸಿ ಕಳೆದುಕೊಂಡ ತಾಯಂದಿರು ಎಷ್ಟು ಮಂದಿಯೋ!

1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಒಂದು ವರ್ಷ ತುಂಬುವ ಮುಂಚೆಯೇ ಸಾಯುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು, ಕರ್ನಾಟಕದಲ್ಲಿ 19ಕ್ಕೆ. ‘ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ’ ಎಂಬ ಗಾದೆಯನ್ನು ಮೂಢನಂಬಿಕೆ ಎಂದು ನಗುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು. ಅದು ಮೂಢನಂಬಿಕೆಯಲ್ಲ, ಅಂದಿನ ಗಣಿತ. ಇಬ್ಬರು ದೊಡ್ಡವರಾಗಬೇಕಾದರೆ ನಾಲ್ವರನ್ನು ಹೆರಬೇಕಾಗಿತ್ತು. ಎಲ್ಲಿಯವರೆಗೆ ತೊಟ್ಟಿಲಿನ ಮಗು ಉಳಿಯುತ್ತದೆಂಬ ನಂಬಿಕೆ ಬರಲಿಲ್ಲವೋ ಅಲ್ಲಿಯವರೆಗೆ ಗೋಡೆಯ ಮೇಲೆ ಎಷ್ಟು ಕೆಂಪು ತ್ರಿಕೋನ ಬರೆದರೂ ಅದು ಬರೀ ಬಣ್ಣವೇ.

ಹಾಗೆಂದು ಸರ್ಕಾರ ತಡಮಾಡಿತು ಎನ್ನುವಂತಿಲ್ಲ. ಸಂತಾನ ನಿಯಂತ್ರಣಕ್ಕೆ ಸರ್ಕಾರವೇ ಚಿಕಿತ್ಸಾಲಯಗಳನ್ನು ತೆರೆಯಬೇಕೆಂದು ಆದೇಶ ಹೊರಡಿಸಿದ್ದು ಮೈಸೂರು ಸಂಸ್ಥಾನ, ಅದೂ 1930ರಲ್ಲಿ. ಜಗತ್ತಿನ ಯಾವ ಸರ್ಕಾರವೂ ಆವರೆಗೆ ಹೀಗೆ ಮಾಡಿರಲಿಲ್ಲ. ಸ್ವತಂತ್ರ ಭಾರತದ ಕುಟುಂಬ ಯೋಜನೆ ಶುರುವಾದದ್ದು 1952ರಲ್ಲಿ. ಅದೇ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬೆಂಗಳೂರಿನ ಪಕ್ಕದ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಹೆಂಗಸರ ಕೈಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಿ, ಒಂದು ಬಣ್ಣ ಬಂದಾಗ ಗಂಡಹೆಂಡಿರು ದೂರವಿರಬೇಕು, ಇನ್ನೊಂದು ಬಣ್ಣಕ್ಕೆ ಭಯವಿಲ್ಲ ಎಂದು ಕಲಿಸಲಾಯಿತು. ಲೆಕ್ಕ ಸರಿಯಾಗಿಯೇ ಇತ್ತು, ಫಲ ಮಾತ್ರ ಅಷ್ಟಕ್ಕಷ್ಟೆ. ಮಣಿ ಸರಿಸುವುದು ಹೆಂಡತಿ. ದೂರ ಇರುವುದೋ ಬಿಡುವುದೋ ಗಂಡನ ಮರ್ಜಿ! ಪ್ರಯೋಗ ಮಾಡಿದವರು ತಿಂಗಳ ಲೆಕ್ಕವನ್ನು ನೋಡಿದರು, ಮನೆಯೊಳಗಿನ ಲೆಕ್ಕವನ್ನು ನೋಡಲಿಲ್ಲ.

ಆಮೇಲೆ ಕೆಂಪು ತ್ರಿಕೋನ ಬಂತು, ‘ಎರಡು ಅಥವಾ ಮೂರು ಸಾಕು’ ಬಂತು, ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಬಂತು. (ಕೀರ್ತಿ ತರಲು ಗಂಡೇ ಬೇಕೆಂಬುದನ್ನು ಸರ್ಕಾರವೇ ಗೋಡೆಯ ಮೇಲೆ ಬರೆಸಿತ್ತೆಂಬುದನ್ನು ಇಂದಿನ ವಿದ್ಯಾರ್ಥಿನಿಯರು ಗಮನಿಸಬೇಕು.) 1971ರಲ್ಲಿ ಗರ್ಭಪಾತವನ್ನು ವೈದ್ಯರ ಕೈಗೆ ಒಪ್ಪಿಸುವ ಕಾನೂನು, 1978ರಲ್ಲಿ ಹೆಣ್ಣಿನ ಮದುವೆಯ ವಯಸ್ಸನ್ನು ಹದಿನೆಂಟಕ್ಕೆ ಏರಿಸಿದ ತಿದ್ದುಪಡಿ. ಇವೆರಡರ ನಡುವೆ ತುರ್ತು ಪರಿಸ್ಥಿತಿ.

1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ಅವರಲ್ಲಿ ನಾಲ್ವರಲ್ಲಿ ಮೂವರು ಗಂಡಸರು. ಅನೇಕ ಕಡೆ ಶಾಲಾ ಮೇಷ್ಟ್ರುಗಳಿಗೂ ಇಷ್ಟು ‘ಕೇಸು’ ತರಬೇಕೆಂಬ ಗುರಿ ಇತ್ತು. ಪಾಠ ಹೇಳುವವರು ಜನ ಹಿಡಿಯುವವರಾದರು. ಬೂದಿಕೋಟೆಯ ಈ ಮನೆಯಲ್ಲೂ ಆಗಿನ ಕಥೆಯೊಂದಿದೆ. ಜೀಪು ಬರುತ್ತದೆಂದು ಸುದ್ದಿ ಹಬ್ಬಿದ ದಿನ ಅಜ್ಜಿಯ ಗಂಡ ಹೊಲದಾಚೆಯ ತೋಪಿಗೆ ಹೋದವರು ಕತ್ತಲಾದ ಮೇಲೇ ಬಂದರಂತೆ. ಮನೆಯವರೆಲ್ಲ ಇದನ್ನು ನಗುತ್ತಾ ಹೇಳುತ್ತಾರೆ. ನಗದೆ ಹೇಳುವವರು ಅಜ್ಜಿ ಒಬ್ಬರೇ. ಆ ಹೊತ್ತಿಗೆ ಒಂಬತ್ತನೆಯದು ಹುಟ್ಟಿ ಎರಡು ವರ್ಷವಾಗಿತ್ತು. ಏಳನೆಯದು ಹೆಣ್ಣಾದಾಗಲೇ ಅತ್ತೆ ಅದಕ್ಕೆ ಸಾಕಮ್ಮ ಎಂದು ಹೆಸರಿಟ್ಟಿದ್ದರು, ದೇವರು ಕಿವಿಗೊಟ್ಟಿರಲಿಲ್ಲ. ಗಂಡ ತೋಪಿನಲ್ಲಿ ಅಡಗಿ ಕೂತಿದ್ದಾಗ ಅಜ್ಜಿ ಅತ್ತೆಯ ಮುಂದೆ ನಿಂತು, "ಅವರು ಬೇಡ ಬಿಡತ್ತೆ, ನಾನೇ ಹೋಗಿ ಮಾಡಿಸ್ಕೊಂಡು ಬತ್ತೀನಿ" ಎಂದು ಕೇಳಿದ್ದರಂತೆ. "ನೀನು ಮಲಕ್ಕೊಂಡ್ರೆ ಹೊಲಕ್ಕೆ ಹೋಗೋರ್ಯಾರು?" ಎಂದು ಅತ್ತೆ ಮಾತು ಮುಗಿಸಿದರು. ಆಮೇಲೆಯೂ ಎರಡು ಬಸಿರು ನಿಂತು ಇಳಿದುಹೋದವು.

"ಆಗಿನೋರು ಮಕ್ಕಳು ಬೇಕೂಂತ ಹೆತ್ತರು ಅಂತಾರೆ. ಬೇಕೂಂತ ಹೆತ್ತೋಳಲ್ಲ ನಾನು. ಬೇಡ ಅನ್ನಾಕೆ ಬಾಯಿರ್ಲಿಲ್ಲ" ಎನ್ನುತ್ತಾರೆ ಅಜ್ಜಿ.

ಜನಸಂಖ್ಯೆಯ ಪಾಠ ಹೇಳುವ ಪುಸ್ತಕಗಳು ‘ಮನೋಭಾವದ ಬದಲಾವಣೆ’ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತವೆ. ಹಿಂದಿನ ಹೆಂಗಸರಿಗೆ ಹೆಚ್ಚು ಮಕ್ಕಳ ಆಸೆ ಇತ್ತು, ವಿದ್ಯಾಭ್ಯಾಸದಿಂದ ಅದು ಕಡಿಮೆಯಾಯಿತು ಎಂಬ ಸರಳ ಕಥೆ. ಈ ಅಜ್ಜಿಯ ಒಂದು ಮಾತು ಆ ಕಥೆಯನ್ನು ಅಲ್ಲಾಡಿಸುತ್ತದೆ. ಬದಲಾದದ್ದು ಆಸೆಯೋ, ಆಸೆಯನ್ನು ಬಾಯಿಬಿಟ್ಟು ಹೇಳುವ ಅಧಿಕಾರವೋ?

ತುರ್ತು ಪರಿಸ್ಥಿತಿಯ ಬಲವಂತದಿಂದಾದ ಇನ್ನೊಂದು ಕೇಡು ಇಂದಿಗೂ ಸರಿಹೋಗಿಲ್ಲ. 1977ರ ನಂತರ ಗಂಡಸರು ಈ ವಿಷಯದಿಂದಲೇ ಜಾರಿಕೊಂಡರು. ಕ್ಯಾಂಪುಗಳು ಹೆಂಗಸರ ಕ್ಯಾಂಪುಗಳಾದವು. ವೀರ್ಯನಾಳಕ್ಕೆ ಗಂಟು ಹಾಕುವುದು ಹೊಟ್ಟೆ ತೆರೆಯದೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸ. ಹೆಂಗಸಿನ ಆಪರೇಷನ್ನಿನಲ್ಲಿ ಹೊಟ್ಟೆಯೊಳಕ್ಕೇ ಹೋಗಬೇಕು. ಯಾವುದು ಸುಲಭವೆಂದು ಎಂಟನೇ ತರಗತಿಯ ಮಕ್ಕಳೂ ಹೇಳಿಯಾರು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಹೆಂಡತಿಗೆ ಆಪರೇಷನ್ ಆದವರು ನೂರಕ್ಕೆ 38, ಗಂಡನಿಗೆ ಆದವರು ನೂರಕ್ಕೆ ಅರ್ಧದಷ್ಟೂ ಇಲ್ಲ. ಕರ್ನಾಟಕದಲ್ಲಂತೂ ಅರ್ಧಕ್ಕಿಂತ ಹೆಚ್ಚು ವಿವಾಹಿತ ಹೆಂಗಸರು ಈ ಆಪರೇಷನ್ ಮಾಡಿಸಿಕೊಂಡವರು. ಗಂಡಸಿಗೆ ಶಕ್ತಿ ಕುಂದುತ್ತದೆ, ಭಾರ ಎತ್ತಲಾಗುವುದಿಲ್ಲ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಗಂಡಸುತನದ ರಸ ರಕ್ತದಲ್ಲಿ ಹರಿಯುತ್ತದೆಯೇ ಹೊರತು ಆ ನಾಳದಲ್ಲಲ್ಲ.

ಅಜ್ಜಿಯ ಮಗಳದು ಈ ಕ್ಯಾಂಪುಗಳ ಕಾಲ. ಏಳನೆಯವರೆಗೆ ಓದಿ, 1983ರಲ್ಲಿ ಹದಿನೆಂಟು ತುಂಬಿ ಮದುವೆಯಾದರು. ಹೆಣ್ಣು, ಹೆಣ್ಣು, ಆಮೇಲೆ 1991ರಲ್ಲಿ ಗಂಡು. ಗಂಡಾದ ಮರುವಾರವೇ ಆಪರೇಷನ್. ಈ ಸಲ ಅತ್ತೆ ಅಡ್ಡ ಬರಲಿಲ್ಲ, ಅವರೇ ಎಳನೀರು ಹಿಡಿದು ಆಸ್ಪತ್ರೆಗೆ ಬಂದಿದ್ದರು. ಮೂರನೆಯದೂ ಹೆಣ್ಣಾಗಿದ್ದರೆ ಎಳನೀರು ಬರುತ್ತಿತ್ತೇ ಎಂಬುದು ಬೇರೆ ಮಾತು. ಅವರೇ ಹೇಳುವಂತೆ, "ನರ್ಸಮ್ಮ ಕೇಳಿದ್ರು, ನಮ್ಮತ್ತೆ ಊಂ ಅಂದ್ರು, ನಾನು ಹೆಬ್ಬೆಟ್ಟು ಒತ್ತಲಿಲ್ಲ, ಸೈನು ಹಾಕ್ದೆ." ಸಹಿ ಹಾಕಿದ್ದು ಅವರ ಪಾಲಿಗೆ ದೊಡ್ಡ ಸಂಗತಿ.

ಹದಿನೈದೇ ವರ್ಷದಲ್ಲಿ ಒಬ್ಬ ಅತ್ತೆಯ ‘ಹೊಲಕ್ಕೆ ಹೋಗೋರ್ಯಾರು’ ಇನ್ನೊಬ್ಬ ಅತ್ತೆಯ ಎಳನೀರಾಗಿ ಬದಲಾದದ್ದು ಹೇಗೆ? ಗೋಡೆಬರಹದಿಂದ ಎನ್ನುವುದು ಕಷ್ಟ. ಬದಲಾದದ್ದು ಹೊಲ.

ಅಜ್ಜಿಯ ಕಾಲದಲ್ಲಿ ಆರು ವರ್ಷದ ಮಗು ಎಂದರೆ ಒಂದು ಆಳು. ನಾಟಿ ದನ ಕುರಿಗಳನ್ನು ಬೆಟ್ಟದಂಚಿಗೆ ಹೊಡೆದುಕೊಂಡು ಹೋಗುವುದು, ರಾಗಿ ಹೊಲದಲ್ಲಿ ಕಳೆ ಕೀಳುವುದು, ಹಕ್ಕಿ ಓಡಿಸುವುದು, ಸೌದೆ ಆಯುವುದು. ಹೆಣ್ಣುಮಗುವಾದರೆ ಇದರ ಮೇಲೆ ತಮ್ಮನ ತೊಟ್ಟಿಲು ತೂಗುವುದು. ಊಟಕ್ಕಿಂತ ದುಡಿಮೆಯೇ ಹೆಚ್ಚು. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂಬುದರಲ್ಲಿ ನಂಬಿಕೆಯಷ್ಟೇ ಅಲ್ಲ, ಈ ಆದಾಯದ ಲೆಕ್ಕವೂ ಇತ್ತು. ಕೋಲಾರ ಜಿಲ್ಲೆಗೆ ಹಾಲಿನ ಡೇರಿ ಬಂತು, ಡೇರಿಯ ಜತೆಗೆ ಸೀಮೆ ಹಸು ಬಂತು. ಸೀಮೆ ಹಸು ಬೆಟ್ಟಕ್ಕೆ ಹೋಗುವುದಿಲ್ಲ, ಕೊಟ್ಟಿಗೆಯಲ್ಲೇ ಕಟ್ಟಿ ಹಾಕಿ ಮೇವು ಕೊಡಬೇಕು. ದನಗಾಹಿ ಹುಡುಗನಿಗೆ ಕೆಲಸವಿಲ್ಲವಾಯಿತು. ಅತ್ತ 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಲ್ಲಿ ಜಿಲ್ಲೆಯ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ನೀಲಗಿರಿಗೆ ಕಳೆ ಕೀಳಬೇಕಿಲ್ಲ, ಹಕ್ಕಿ ಓಡಿಸಬೇಕಿಲ್ಲ. ಅಂತರ್ಜಲಕ್ಕೆ ನೀಲಗಿರಿ ಮಾಡಿದ ಹಾನಿಯ ಬಗ್ಗೆ ಬಹಳ ಬರೆದಿದ್ದಾರೆ. ಮಕ್ಕಳ ಕೈಯ ಕೆಲಸ ಕಸಿದುಕೊಂಡು ಅವರನ್ನು ಶಾಲೆಯ ಕಡೆಗೆ ತಳ್ಳುವುದರಲ್ಲೂ ಅದರ ಪಾಲಿತ್ತು ಎನ್ನುವುದನ್ನು ಯಾರೂ ಅಷ್ಟಾಗಿ ಬರೆದಂತಿಲ್ಲ.

ಶಾಲೆಗೆ ಹೊರಟ ಮಗು ದುಡಿಯುವ ಮಗುವಲ್ಲ, ಖರ್ಚಿನ ಮಗು. ಪುಸ್ತಕ, ಬಟ್ಟೆ, ಬಸ್ ಚಾರ್ಜು. ಆಸ್ಟ್ರೇಲಿಯಾದ ಜನಸಂಖ್ಯಾ ವಿಜ್ಞಾನಿ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿಗಳು ಪಿ.ಎಚ್. ರೆಡ್ಡಿಯವರ ಜತೆಗೂಡಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಮನೆಮನೆ ತಿರುಗಿ, 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒತ್ತಿ ಹೇಳಿದ ಮಾತುಗಳಲ್ಲಿ ಇದೂ ಒಂದು. ಹಿಂದೆ ಸಂಪತ್ತು ಮಕ್ಕಳಿಂದ ತಂದೆತಾಯಿಗಳ ಕಡೆಗೆ ಹರಿಯುತ್ತಿತ್ತು. ಅದು ತಿರುಗಿ ತಂದೆತಾಯಿಗಳಿಂದ ಮಕ್ಕಳ ಕಡೆಗೆ ಹರಿಯತೊಡಗಿದಾಗ ಕುಟುಂಬ ಚಿಕ್ಕದಾಗುತ್ತದೆ ಎಂಬುದು ಕಾಲ್ಡ್‌ವೆಲ್ಲರ ಸಿದ್ಧಾಂತ. ಅದನ್ನು ಅವರು ಮೊದಲು ಕಂಡುಕೊಂಡದ್ದು ಆಫ್ರಿಕದ ನೈಜೀರಿಯಾದಲ್ಲಿ.

ಆಫ್ರಿಕ ಎಂದಾಗ ನಮ್ಮ ಸೀಮೆಯವರಿಗೆ ತೀರ ಹತ್ತಿರದ್ದೆನಿಸುವ ಇನ್ನೊಂದು ಉದಾಹರಣೆಯೂ ಅಲ್ಲೇ ಇದೆ. ಬೂದಿಕೋಟೆಯ ಕಡೆ ಮೊದಲ ಗಂಡುಮಗುವಿಗೆ ತಾತನ ಹೆಸರನ್ನು, ಹೆಣ್ಣಿಗೆ ಅಜ್ಜಿಯ ಹೆಸರನ್ನು ಇಡುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಕೀನ್ಯಾ ದೇಶದ ಕಿಕುಯು ಜನರಲ್ಲಿ ಇದು ರೂಢಿಯಷ್ಟೇ ಅಲ್ಲ, ಕಟ್ಟಳೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಮೊದಲ ಮಗಳಿಗೆ ತಂದೆಯ ತಾಯಿಯ ಹೆಸರು, ಎರಡನೆಯವಳಿಗೆ ತಾಯಿಯ ತಾಯಿಯದು. ಹಿರಿಯರು ಹೀಗೆ ಮತ್ತೆ ಹುಟ್ಟಿ ಬರುತ್ತಾರೆಂಬ ಭಾವನೆ. ಅಂದರೆ ಎರಡೂ ಕಡೆಯ ಹಿರಿಯರ ಋಣ ತೀರಬೇಕಾದರೆ ಕನಿಷ್ಠ ಇಬ್ಬರು ಗಂಡು, ಇಬ್ಬರು ಹೆಣ್ಣು! ಒಂದಾದ ಮೇಲೊಂದು ಹೆಣ್ಣೇ ಹುಟ್ಟಿದರೆ ತಾತಂದಿರು ಕಾಯುತ್ತಲೇ ಇರಬೇಕು. ಸಹಾರಾದ ದಕ್ಷಿಣಕ್ಕೆ ಮೊದಲು ಕುಟುಂಬ ಯೋಜನೆ ಜಾರಿಗೆ ತಂದ ದೇಶ ಕೀನ್ಯಾ, 1967ರಲ್ಲಿ. ಆದರೂ 1970ರ ದಶಕದ ಕೊನೆಯಲ್ಲಿ ಅಲ್ಲಿನ ಹೆಂಗಸರು ಸರಾಸರಿ ಎಂಟು ಮಕ್ಕಳನ್ನು ಹೆರುತ್ತಿದ್ದರು, ಜಗತ್ತಿನಲ್ಲೇ ಅತಿ ಹೆಚ್ಚಿನ ಸಂಖ್ಯೆಗಳಲ್ಲಿ ಒಂದು. 2022ರ ಸಮೀಕ್ಷೆಯಲ್ಲಿ ಅದು 3.4ಕ್ಕೆ ಇಳಿದಿತ್ತು. ಅಲ್ಲಿಯೂ ಕಾರಣಗಳು ಪರಿಚಿತವಾದವೇ: ಮಕ್ಕಳಿಗೆ ಹಂಚಿ ಹಂಚಿ ತುಂಡಾದ ಹೊಲ, ಶಾಲೆಯ ಫೀಸು.

ಬಂಗಾರಪೇಟೆ ತಾಲ್ಲೂಕಿಗೆ ಇನ್ನೊಂದು ವಿಶೇಷ ಕಾರಣವಿತ್ತು. ಪಕ್ಕದಲ್ಲೇ ಚಿನ್ನದ ಗಣಿ. ಅಲ್ಲಿನ ಲೈನ್ ಮನೆಗಳಲ್ಲಿ ತಂದೆಯ ಹಿಂದೆ ಮಗ ಗಣಿಗಿಳಿಯುವುದು ಸಾಮಾನ್ಯವಾಗಿತ್ತು. ಗಂಡುಮಕ್ಕಳು ಹೆಚ್ಚಿದ್ದಷ್ಟೂ ಸಂಬಳದ ಪುಸ್ತಕಗಳು ಹೆಚ್ಚು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ತಲೆಮಾರುಗಳಿಂದ ಬಂದ ಕೆಲಸ ಒಂದು ದಿನದಲ್ಲಿ ಇಲ್ಲವಾಯಿತು. ಉಳಿದದ್ದು ಬೆಂಗಳೂರಿನ ರೈಲು ಮತ್ತು ಸರ್ಟಿಫಿಕೇಟು. ಸರ್ಟಿಫಿಕೇಟು ಒಬ್ಬ ಮಗನಿಂದ ಇನ್ನೊಬ್ಬನಿಗೆ ವರ್ಗವಾಗುವುದಿಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ ದುಡ್ಡು ಕಟ್ಟಬೇಕು.

ಆ ರೈಲಿನಲ್ಲೇ ಅಜ್ಜಿಯ ಮೊಮ್ಮಗಳು ದಿನವೂ ಓಡಾಡುವುದು. ಬಿ.ಕಾಂ. ಮುಗಿಸಿದವಳು, ವೈಟ್‌ಫೀಲ್ಡ್ ಕಡೆ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಗಂಡ ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ನೌಕರ. ಬೆಳಗಿನ ರೈಲು ಹಿಡಿಯಲು ಕತ್ತಲಿರುವಾಗಲೇ ಎದ್ದು ಅಡುಗೆ ಮುಗಿಸಿ, ಮಗಳ ಡಬ್ಬಿ ಕಟ್ಟಿ ಹೊರಡುತ್ತಾಳೆ. ಮಗಳಿಗೆ ಇಂಗ್ಲಿಷ್ ಮೀಡಿಯಂ ಶಾಲೆ, ಶಾಲೆಗೆ ವ್ಯಾನು, ಸಂಜೆಗೆ ಟ್ಯೂಷನ್ನು. ಅಜ್ಜಿ ತನ್ನ ಐವರಿಗೂ ಸೇರಿ ಕೊಂಡದ್ದು ಎರಡು ಸ್ಲೇಟು, ಅದೂ ಒಬ್ಬರಾದ ಮೇಲೆ ಒಬ್ಬರು ಬಳಸಿದ್ದು.

ಹಬ್ಬಕ್ಕೆಂದು ಬೂದಿಕೋಟೆಗೆ ಹೋದಾಗ ಅಜ್ಜಿ ಹಳೆಯ ಗಾದೆ ತೆಗೆದರು. "ಒಂದು ಕಣ್ಣು ಕಣ್ಣಲ್ಲ ಕಣವ್ವ."

"ಒಂದು ಕಣ್ಣಿನ ಕನ್ನಡಕಕ್ಕೇ ಸಾಲ ಮಾಡ್ತಾ ಇದ್ದೀವಿ ಅಜ್ಜಿ" ಎಂದಳು ಮೊಮ್ಮಗಳು.

ಎಲ್ಲರೂ ನಕ್ಕರು. ಮಾತು ತಮಾಷೆಯದೇ, ಆದರೆ ಅದರೊಳಗೊಂದು ತೊಡಕಿದೆ. ಇವಳಿಗೆ ಎರಡನೆಯ ಮಗುವಿನ ಆಸೆ ಇಲ್ಲವೆಂದಲ್ಲ. ತಾನು ಅಕ್ಕ ತಮ್ಮನ ನಡುವೆ ಬೆಳೆದವಳು. ಮಗಳು ಸಂಜೆ ಒಬ್ಬಳೇ ಟಿ.ವಿ. ಮುಂದೆ ಕೂತಿರುವುದನ್ನು ನೋಡಿದಾಗ ಮನಸ್ಸಿಗೆ ಹೇಗೋ ಆಗುತ್ತದೆಂದು ತಾಯಿಯ ಬಳಿ ಹೇಳಿಕೊಂಡಿದ್ದಾಳೆ. ಆದರೆ ಇನ್ನೊಂದು ಮಗುವಾದರೆ ಎರಡು ವರ್ಷ ರೈಲು ಬಿಡಬೇಕು, ರೈಲು ಬಿಟ್ಟರೆ ಮೊದಲನೆಯವಳ ಫೀಸಿಗೆ ಕುತ್ತು. ಅಜ್ಜಿಗೆ ಬೇಡ ಎನ್ನಲು ಬಾಯಿರಲಿಲ್ಲ. ಮೊಮ್ಮಗಳಿಗೆ ಬೇಕು ಎನ್ನಲು ಬಾಯಿ ಇದ್ದೂ ಕೈ ಕಟ್ಟಿದೆ. ಅಂದು ಹೊಲ ತೀರ್ಮಾನಿಸುತ್ತಿತ್ತು, ಇಂದು ಫೀಸಿನ ರಸೀದಿ ತೀರ್ಮಾನಿಸುತ್ತದೆ. ಅಜ್ಜಿಗಿಂತ ಮೊಮ್ಮಗಳ ಸ್ಥಿತಿ ನೂರು ಪಾಲು ಮೇಲು ಎಂಬುದರಲ್ಲಿ ಸಂಶಯವಿಲ್ಲ. ಅವಳ ಮಗು ಎಂಟನೇ ದಿನ ಸಾಯುವುದಿಲ್ಲ, ಅವಳನ್ನು ಕೇಳದೆ ಯಾರೂ ಬಸಿರು ಹೊರಿಸುವುದಿಲ್ಲ. ಆದರೂ ಅವಳ ಬಾಯಿಂದ ಬರುವ ‘ಸಾಕು’ ಪೂರ್ತಿಯಾಗಿ ಅವಳದೇ ಎನ್ನಲು ಮನಸ್ಸು ಹಿಂಜರಿಯುತ್ತದೆ.

ಒಂದೇ ಮಗುವಿರುವ ಮನೆಯಲ್ಲಿ ಆ ಮಗುವಿನ ಪಾಡೂ ಸುಲಭವಲ್ಲ. ಐವರಲ್ಲಿ ಒಬ್ಬ ಫೇಲಾದರೆ ಉಳಿದ ನಾಲ್ವರಿದ್ದರು. ಫೇಲಾದವನು ಹೊಲ ನೋಡಿಕೊಳ್ಳುತ್ತಿದ್ದ, ಮನೆ ಮುಳುಗುತ್ತಿರಲಿಲ್ಲ. ಈಗ ತಂದೆತಾಯಿಯ, ಎರಡೂ ಕಡೆಯ ಅಜ್ಜ ಅಜ್ಜಿಯರ ಆಸೆಗಳೆಲ್ಲ ಒಂದೇ ಚೀಲದಲ್ಲಿ. ಆ ಚೀಲ ಹೊತ್ತ ಮಗು ಗಣಿತದಲ್ಲಿ ಹತ್ತು ಅಂಕ ಕಡಿಮೆ ತಂದರೆ ಮನೆಯಲ್ಲಿ ಸೂತಕದ ವಾತಾವರಣ! ಮಕ್ಕಳ ಸಂಖ್ಯೆ ಕಡಿಮೆ ಮಾಡಿದ್ದು ಪ್ರತಿ ಮಗುವಿಗೂ ಹೆಚ್ಚು ಕೊಡಲೆಂದು. ಹೆಚ್ಚು ಕೇಳಲೆಂದಲ್ಲ ಎಂಬುದನ್ನು ಎಷ್ಟೋ ತಂದೆತಾಯಿಗಳು ಮರೆತಿದ್ದಾರೆ.

ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 2.9 ಇತ್ತು. 1998-99ಕ್ಕೆ 2.1, 2019-21ಕ್ಕೆ 1.7. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಬೇಕಾದರೆ ಬೇಕಾದದ್ದು 2.1. ಅಂದರೆ ನಾವು ಆ ಗೆರೆಗಿಂತ ಕೆಳಗಿದ್ದೇವೆ. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಇದು 0.72ಕ್ಕೆ ಕುಸಿದಿತ್ತು, ಅಲ್ಲಿಯೂ ಮಕ್ಕಳ ಟ್ಯೂಷನ್ನಿನ ಖರ್ಚನ್ನು ಒಂದು ಮುಖ್ಯ ಕಾರಣವಾಗಿ ಹೇಳುತ್ತಾರೆ. ಬಂಗಾರಪೇಟೆಯಿಂದ ಜೋಲಾರಪೇಟೆ ಕಡೆಗೆ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೇ ಸಿಗುವ ಊರು ಆಂಧ್ರದ ಕುಪ್ಪಂ. ಅಲ್ಲಿಂದ ಗೆದ್ದು ಮುಖ್ಯಮಂತ್ರಿಯಾದ ಚಂದ್ರಬಾಬು ನಾಯ್ಡು 2024ರಲ್ಲಿ ಜನರಿಗೆ ಹೆಚ್ಚು ಮಕ್ಕಳನ್ನು ಹೆರಲು ಕರೆ ಕೊಟ್ಟರು. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ 1994ರ ನಿಯಮವನ್ನು ಅದೇ ವರ್ಷ ಆಂಧ್ರ ವಿಧಾನಸಭೆ ತೆಗೆದುಹಾಕಿತು. ಕೆಂಪು ತ್ರಿಕೋನ ಮಾಸಿದ ಗೋಡೆಯ ಮೇಲೆ ಇನ್ನು ಯಾವ ಚಿತ್ರ ಬರೆಸುತ್ತಾರೋ ನೋಡಬೇಕು. ಒಂದಂತೂ ನಿಜ. ‘ಕಡಿಮೆ ಹೆರಿ’ ಎಂದಾಗಲೂ ‘ಹೆಚ್ಚು ಹೆರಿ’ ಎಂದಾಗಲೂ ಹೆರುವವಳ ರೈಲಿನ ವೇಳೆ, ಮಗುವನ್ನು ನೋಡಿಕೊಳ್ಳುವ ಶಿಶುವಿಹಾರ, ಊರಿನ ಸರ್ಕಾರಿ ಶಾಲೆಯ ಸ್ಥಿತಿ ಇವುಗಳ ಬಗ್ಗೆ ಗೋಡೆಬರಹ ಮಾತಾಡಿದ್ದು ಕಡಿಮೆ.

ಮೊಮ್ಮಗಳು 2015ರಲ್ಲಿ ಹೆರಿಗೆಯಾದ ಮೇಲೆ ಹಾಕಿಸಿಕೊಂಡ ಕಾಪರ್-ಟಿಗೆ ಹತ್ತು ವರ್ಷದ ಅವಧಿ. ಅದು ಮುಗಿಯಿತೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ತೆಗೆಸಿ ಹೊಸದು ಹಾಕಿಸಿಕೊಳ್ಳುವುದೋ, ತೆಗೆಸಿ ಸುಮ್ಮನಿರುವುದೋ? ವಯಸ್ಸು ಮೂವತ್ತೇಳು, ಬಹಳ ದಿನ ಯೋಚಿಸುವಂತಿಲ್ಲ. ಬೇಡವೆಂದಾದರೆ ತಾನೇ ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ಗಂಡ ಹೇಳಿದ್ದಾನೆ. ಆ ಮಾತಿಗೆ ಅವನ ತಾಯಿ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಬೂದಿಕೋಟೆಯ ಅಜ್ಜಿಗೆ ಸುದ್ದಿ ಮುಟ್ಟಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವನೇ ಬಾಯಿಬಿಟ್ಟು ಅಂದ್ನಾ?"

ಮೊಮ್ಮಗಳು ಇನ್ನೂ ಏನನ್ನೂ ಹೇಳಿಲ್ಲ. ಮಗಳಿಗಿದು ಐದನೇ ತರಗತಿ, ನವೋದಯ ಮತ್ತು ಮೊರಾರ್ಜಿ ಶಾಲೆಗಳ ಪ್ರವೇಶ ಪರೀಕ್ಷೆಗಳ ವರ್ಷ. ಅವೆರಡೂ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾಳೆ.